ಶನಿವಾರದ ಜೆರ್ಸಿಗಳು

ಹನ್ನೊಂದನೆಯ ನಂಬರಿನ ಜೆರ್ಸಿಯ ಕಾಲರಿನ ಮಡಿಕೆಯಲ್ಲಿ ಸೇರಿಕೊಂಡಿದ್ದ ಕೆಸರು ಇನ್ನೂ ಹಸಿಯಾಗಿಯೇ ಇತ್ತು. ವಸುಧಾ ಅದನ್ನು ಹಳೆಯ ಚಮಚದ ಹಿಡಿಯಿಂದ ಕೆರೆದು ತೆಗೆದು, ಗರಾಜಿನ ನೆಲಕ್ಕೆ ಹಾಸಿದ್ದ ಪೇಪರಿಗೆ ಒರೆಸಿದಳು. ಒಣಗಿದ ಮಣ್ಣು ಕೊಡವಿದರೆ ಉದುರುತ್ತದೆ. ಹಸಿ ಕೆಸರನ್ನು ಹಾಗೆಯೇ ಮೆಷಿನ್ನಿಗೆ ಹಾಕಿದರೆ ಅಷ್ಟೂ ಜೆರ್ಸಿಗಳಿಗೆ ಬೂದು ಬಣ್ಣ ಹತ್ತುತ್ತದೆ. ಇನ್ನು ತೋಳುಗಳು. ಹುಡುಗರು ಜೆರ್ಸಿಯನ್ನು ಬಾಳೆಹಣ್ಣು ಸುಲಿದ ಹಾಗೆ ಸುಲಿದು ಎಸೆಯುತ್ತಾರೆ, ತೋಳು ಒಳಗೇ ಸಿಕ್ಕಿಕೊಂಡಿರುತ್ತದೆ. ಒಂದೊಂದಕ್ಕೂ ಕೈ ತೂರಿಸಿ ಬೆವರಿನ ತೇವದಲ್ಲಿ ಅದನ್ನು ಹೊರಗೆ ಎಳೆಯಬೇಕು. ಮೊದಮೊದಲು ಹೇಸಿಗೆಯಾಗುತ್ತಿತ್ತು, ಈಗ ಆಗುತ್ತಿರಲಿಲ್ಲ.

ಬಿಳಿ ಜೆರ್ಸಿ, ಎದೆಗೆ ಹಸಿರು ಪಟ್ಟಿ. ನಂಬರು ನೋಡದೆಯೂ ಯಾವುದು ಯಾರದೆಂದು ಅವಳು ಹೇಳಬಲ್ಲವಳಾಗಿದ್ದಳು. ಎಂಟರದ್ದು ಪ್ರತಿ ವಾರವೂ ಬಲಭುಜದ ಹೊಲಿಗೆ ಬಿಟ್ಟಿರುತ್ತದೆ. ಒಂಬತ್ತರ ಹುಡುಗ ಅನಿಕೇತ ಮೂಗನ್ನು ತೋಳಿಗೇ ಒರೆಸಿಕೊಳ್ಳುತ್ತಾನೆ. ಮೂರರದ್ದಕ್ಕೆ ನೋವಿನ ಮುಲಾಮಿನ ವಾಸನೆ. ಹದಿನಾಲ್ಕನ್ನು ಮೊದಲು ಅವಳ ಮಗ ಸುಘೋಷ್ ತೊಡುತ್ತಿದ್ದ. ಅವನು ಟೀಮು ಬಿಟ್ಟು ಒಂದು ತಿಂಗಳ ಮೇಲಾಗಿತ್ತು. ಈಗ ಅದು ಸಿಯೋನೆ ಎಂಬ ಟೋಂಗಾ ದ್ವೀಪದ ಹುಡುಗನ ಮೈಮೇಲೆ ಬಿಗಿಯಾಗಿ ಕೂರುತ್ತದೆ.

ಮಗನಿಲ್ಲದ ಟೀಮಿನ ಬಟ್ಟೆಯನ್ನು ಅವಳು ಒಗೆಯುತ್ತಿರುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಡಲು ಅವಳು ಹೆಚ್ಚೇನೂ ಮಾಡಬೇಕಾಗಿಯೂ ಬಂದಿರಲಿಲ್ಲ. ಗಂಡ ಅರವಿಂದ ಕಾರನ್ನು ಹೊರಗೇ ನಿಲ್ಲಿಸುತ್ತಾನೆ. ಸುಘೋಷ್ ಗರಾಜಿಗೆ ಬಂದವನೇ ಅಲ್ಲ. ಆ ಕ್ಯುಪರ್ಟಿನೋ ಮನೆಯಲ್ಲಿ ಮೆಷಿನ್ನು, ಡ್ರೈಯರು, ಅಕ್ಕಿಯ ಮೂಟೆ ಇರುವ ಜಾಗ ಅವಳೊಬ್ಬಳದೇ.

ಮೆಷಿನ್ನಿನ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದಳು. ಮೇಲೆ ಅರವಿಂದನ ಕೋಣೆಯ ಬಾಗಿಲ ಹಿಡಿಗೆ ಹಳದಿ ರಬ್ಬರ್ ಬ್ಯಾಂಡು ಸಿಕ್ಕಿಸಿತ್ತು. ಅದು ಇದ್ದರೆ ಮೀಟಿಂಗು ಎಂದರ್ಥ. ರೆಡ್‌ವುಡ್ ಸಿಟಿಯ ಆಫೀಸಿಗೆ ವಾರಕ್ಕೊಮ್ಮೆ ಹೋದರೆ ಸಾಕು ಎಂದಾದ ಮೇಲೆ ಮನೆಯೇ ಅವನ ಆಫೀಸಾಗಿತ್ತು, ಶನಿವಾರ ಭಾನುವಾರವೂ ಸೇರಿ. ರಬ್ಬರ್ ಬ್ಯಾಂಡು ಇರುವಾಗ ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು, ಮಹಡಿಯ ಮೆಟ್ಟಿಲ ಮೇಲೆ ನಿಂತು ಯಾರನ್ನೂ ಕರೆಯಬಾರದು. ಹಾಗೆಂದು ಅವನು ಜಗಳವಾಡಿ ಹೇಳಿದವನಲ್ಲ. ಒಮ್ಮೆ ಅವಳು ಚಟ್ನಿ ರುಬ್ಬುತ್ತಿದ್ದಾಗ ಕೆಳಗೆ ಬಂದು, ಕೈ ಮುಗಿದು, ಮತ್ತೆ ಮೇಲೆ ಹೋಗಿದ್ದ ಅಷ್ಟೆ. ಆಮೇಲೆ ಅವಳೇ ಎಲ್ಲವನ್ನೂ ಆ ಬ್ಯಾಂಡಿಗೆ ಹೊಂದಿಸಿಕೊಂಡಳು. ಊಟಕ್ಕೆ ಕರೆಯುವುದಕ್ಕೂ ಫೋನಿನಲ್ಲಿ ಮೆಸೇಜು. ಕೆಲವು ದಿನ ಸಂಜೆ ಮೈಸೂರಿನಿಂದ ಅಕ್ಕ ಫೋನು ಮಾಡಿದಾಗ ತನ್ನ ಗಂಟಲು ಕಟ್ಟಿಕೊಂಡಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಬೆಳಗಿನಿಂದ ಅದನ್ನು ಉಪಯೋಗಿಸಿಯೇ ಇರುತ್ತಿರಲಿಲ್ಲ.

ಜನವರಿಯಲ್ಲಿ ಅನಿಕೇತ, ಸುಘೋಷನ ಸ್ಕೂಲಿನ ಗೆಳೆಯ, ಅವನನ್ನು ರಗ್ಬಿ ಲೀಗಿಗೆ ಎಳೆದುಕೊಂಡು ಹೋದಾಗ ಅರವಿಂದ ಜೋರಾಗಿ ನಕ್ಕಿದ್ದ.

“ರಗ್ಬಿನಾ? ನಮ್ಮ ವಂಶದಲ್ಲಿ ಕೇರಂ ಬೋರ್ಡಿಗಿಂತ ಭಾರದ್ದನ್ನ ಯಾರಾದ್ರೂ ಎತ್ತಿದಾರೇನೋ?”

“ಡ್ಯಾಡ್, ಇಟ್ಸ್ ಜಸ್ಟ್ ಫಾರ್ ಫನ್,” ಎಂದಿದ್ದ ಸುಘೋಷ್.

ಶನಿವಾರಗಳಂದು ಅವನನ್ನು ಸ್ಯಾನ್ ಮಟೇಯೊದ ಮೈದಾನಕ್ಕೆ ಕರೆದುಕೊಂಡು ಹೋಗುವುದು ವಸುಧಾಳ ಪಾಲಿಗೆ ಬಂತು. ಕೊಲ್ಲಿಯ ಅಂಚಿನ ಮೈದಾನ. ಅತ್ತ ಫ್ರೀವೇ, ಇತ್ತ ಕೆಸರು ನೀರು, ತಲೆಯ ಮೇಲೆ ಚಕ್ರ ಇಳಿಸಿಕೊಂಡು ಏರ್‌ಪೋರ್ಟಿನ ಕಡೆ ಸಾಗುವ ವಿಮಾನಗಳು. ಆಟ ಅವಳಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಮುಂದಕ್ಕೆ ಹೋಗಬೇಕು, ಆದರೆ ಚೆಂಡನ್ನು ಕೈಯಿಂದ ಹಿಂದಕ್ಕೇ ಎಸೆಯಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವುತ್ತಾರೆ, ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಮತ್ತೆ ಶುರುಮಾಡುತ್ತಾನೆ. ಆರು ಸಲ ಕೆಡವಿಸಿಕೊಂಡರೂ ಪಾಯಿಂಟು ತರುವ ತುದಿಯ ಗೆರೆ ದಾಟದಿದ್ದರೆ ಚೆಂಡು ಎದುರಾಳಿಗಳಿಗೆ. ಇದಿಷ್ಟನ್ನೂ ಅವಳು ಆಮೇಲೆ ಕಲಿತದ್ದು. ಆಗ ಅವಳಿಗೆ ಕಾಣುತ್ತಿದ್ದದ್ದು ಹದಿನಾಲ್ಕನೆಯ ನಂಬರು ಮಾತ್ರ, ಅದರೊಳಗಿನ ಸಪೂರ ಕತ್ತು, ಮೊಣಕೈ ಮೂಳೆ. ಚೆಂಡು ಅವನ ಕೈಗೆ ಬಂದ ಕೂಡಲೇ ಅವಳು ಪಾರ್ಕಿಂಗ್ ಲಾಟಿನ ಕಡೆ ಮುಖ ತಿರುಗಿಸುತ್ತಿದ್ದಳು. ಸದ್ದು ನಿಂತ ಮೇಲೆ ತಿರುಗಿ, ಅವನು ಎದ್ದಿದ್ದಾನೆಯೇ ಎಂದು ನೋಡುತ್ತಿದ್ದಳು.

ಜೆರ್ಸಿಗಳು ಕ್ಲಬ್ಬಿನವು. ಮ್ಯಾಚು ಮುಗಿದ ಮೇಲೆ ಅಷ್ಟನ್ನೂ ಒಂದು ದೊಡ್ಡ ಚೀಲಕ್ಕೆ ತುಂಬಿ ಒಂದು ಮನೆಯವರಿಗೆ ಕೊಡುವುದು, ಅವರು ಒಗೆದು ಮುಂದಿನ ಶನಿವಾರ ತರುವುದು, ಆ ವಾರ ಇನ್ನೊಂದು ಮನೆ. ಅದು ಅಲ್ಲಿನ ಪದ್ಧತಿ. ಮೊದಲ ಸರದಿ ಅವಳಿಗೆ ಬಂದಿತ್ತು. ಎರಡನೆಯ ವಾರ ಸರದಿಯ ತಾಯಿ ಬಂದಿರಲಿಲ್ಲ, ಮೂರನೆಯ ವಾರದವರ ಮೆಷಿನ್ನು ಕೆಟ್ಟಿತ್ತು. ಆಮೇಲೆ ಯಾರೂ ಸರದಿಯ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ.

ಫೆಬ್ರವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ ವಿಷಯ ತೀರ್ಮಾನವಾಯಿತು.

“ರೋಬೋಟಿಕ್ಸ್ ಶನಿವಾರಾನೇ ಅಂತೆ. ಕಾಲೇಜ್ ಅಪ್ಲಿಕೇಶನ್ನಿಗೆ ಅದೇ ಮುಖ್ಯ,” ಎಂದ ಅರವಿಂದ.

“ಯಾ, ಐ ವಾಸ್ ಗೋಯಿಂಗ್ ಟು ಕ್ವಿಟ್ ಎನಿವೇ,” ಎಂದ ಸುಘೋಷ್, ಹಪ್ಪಳ ಮುರಿಯುತ್ತ.

“ಯಾಕೋ? ಚೆನ್ನಾಗಿ ಆಡ್ತಿದ್ಯಲ್ಲೋ,” ಎಂದಳು ವಸುಧಾ.

ಮಗ ಭುಜ ಕುಣಿಸಿದ. ಅರವಿಂದ ಸಾರು ಬಡಿಸಿಕೊಳ್ಳುತ್ತ, “ಗರಾಜಿನಲ್ಲಿ ಅವರ ಬಟ್ಟೆ ಗಂಟು ಇದೆ ಅಂದಿದ್ಯಲ್ಲ ವಸು, ಅದನ್ನ ವಾಪಸ್ ಕೊಟ್ಬಿಡು,” ಎಂದ. ನಿನ್ನ ಶನಿವಾರವೂ ಬಿಡುವಾಯಿತು ನೋಡು ಎಂದೂ ಸೇರಿಸಿದ. ಅವಳಿಗೆ ಒಳ್ಳೆಯದನ್ನೇ ಮಾಡಿದ್ದೇನೆಂಬ ನಂಬಿಕೆ ಅವನ ದನಿಯಲ್ಲಿತ್ತು.

ಆ ಶನಿವಾರ ಅವಳು ಚೀಲ ವಾಪಸು ಕೊಡಲೆಂದೇ ಹೋದದ್ದು. ಟೀಮಿನ ಮ್ಯಾನೇಜರು ಇನ್ನೂ ಬಂದಿರಲಿಲ್ಲ. ಮೈದಾನದ ಬದಿಯ ಗೆರೆಯ ಪಕ್ಕ ಮಡಿಸುವ ಕುರ್ಚಿಯಲ್ಲಿ, ತೊಡೆಯ ಮೇಲೆ ಹೂಬಟ್ಟೆ ಹೊದ್ದು ಕೂತಿದ್ದ ಲುಪೆ ಅವಳನ್ನು ಕರೆದಳು. ಲುಪೆ ಸಿಯೋನೆಯ ದೊಡ್ಡಮ್ಮ. ಪ್ರತಿ ಮ್ಯಾಚಿಗೂ ಎಲ್ಲರಿಗಿಂತ ಮೊದಲು ಬರುವವಳು, ಮೆಲ್ಲಗೆ, ದಪ್ಪ ದನಿಯಲ್ಲಿ ಇಂಗ್ಲಿಷು ಮಾತಾಡುವವಳು.

“ಸಿಸ್ಟರ್, ನಿನ್ನ ಹುಡುಗ ಎಲ್ಲಿ?”

“ಬಿಟ್ಟುಬಿಟ್ಟ. ಬೇರೆ ಕ್ಲಾಸಿದೆ. ನಾನು ಬಟ್ಟೆ ಕೊಟ್ಟು ಹೋಗೋಕೆ ಬಂದೆ.”

ಲುಪೆ ಪಕ್ಕದ ಕುರ್ಚಿಯ ಮೇಲಿದ್ದ ಚೀಲಗಳನ್ನು ಎತ್ತಿ ನೆಲಕ್ಕಿಟ್ಟಳು. “ನನ್ನ ಮಗನೂ ಬಿಟ್ಟ. ಈಗ ಯೂಟಾದಲ್ಲಿ ಹೆಂಡತಿ ಜೊತೆ ಇದ್ದಾನೆ. ನಾನು ಇಲ್ಲಿ ಕೂತಿಲ್ಲವೇ? ಕೂತುಕೋ. ಈ ಗಾಳಿಗೆ ನನ್ನ ಎಡಗಡೆ ತಣ್ಣಗಾಗುತ್ತೆ, ನೀನು ಅಡ್ಡ ಇರು.”

ವಸುಧಾ ಕೂತಳು. ಹುಡುಗರು ಅವಳು ಒಗೆದು ತಂದ ಜೆರ್ಸಿಗಳನ್ನು ತೊಟ್ಟು ಓಡಿದರು. ಪಾರ್ಕಿಂಗ್ ಲಾಟಿನ ಕಡೆ ತಿರುಗುವ ಕಾರಣ ಅವತ್ತು ಇರಲಿಲ್ಲ. ಮೊದಲ ಸಲ ಅವಳು ಇಡೀ ಮೈದಾನವನ್ನು ನೋಡಿದಳು. ಎಂಟರ ಹುಡುಗ ತಲೆ ತಗ್ಗಿಸಿ ನುಗ್ಗುತ್ತಿದ್ದ, ಅವನು ಬಿದ್ದ ಜಾಗಕ್ಕೆ ಅನಿಕೇತ ಇಲಿಯಂತೆ ಓಡಿ ಬಂದು ಚೆಂಡೆತ್ತಿ ಎಸೆಯುತ್ತಿದ್ದ, ಚೆಂಡು ಕೈಯಿಂದ ಕೈಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಲೇ ಇಡೀ ಸಾಲು ಮುಂದೆ ಮುಂದೆ ಬರುತ್ತಿತ್ತು. ಆಮೇಲೆ ಎದುರಾಳಿಗಳ ಆನೆಯಂಥ ಹುಡುಗನೊಬ್ಬ ಚೆಂಡು ಅಪ್ಪಿಕೊಂಡು ಇವಳು ಕೂತ ಕಡೆಯಿಂದಲೇ ಓಡಿದ. ಸಿಯೋನೆ ಅವನ ಸೊಂಟಕ್ಕೆ ಜೋತುಬಿದ್ದು ಎಳೆಸಿಕೊಂಡು ಹೋಗುತ್ತಿದ್ದ. ವಸುಧಾ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಾಗಲಿಲ್ಲ.

“ಬಿಡಬೇಡ್ವೋ! ಹಿಡ್ಕೊಳೋ! ಬಿಡಬೇಡ್ವೋ!”

ಅಷ್ಟು ದೊಡ್ಡ ದನಿ ತನ್ನದೆಂದು ನಂಬಲಾಗಲಿಲ್ಲ. ಎದೆಯ ಯಾವುದೋ ಮೂಲೆಯಿಂದ, ಪಾತ್ರೆ ಸಾಮಾನು ಉರುಳಿಸಿಕೊಂಡು ಬಂದಂತೆ ಬಂದಿತ್ತು. ಸಿಯೋನೆ ಬಿಡಲಿಲ್ಲ. ಆನೆ ಹುಡುಗ ಗೆರೆಯ ಹತ್ತಿರ ದಢಾರನೆ ಬಿದ್ದ. ಲುಪೆ ತೊಡೆ ತಟ್ಟಿ ನಕ್ಕಳು.

“ಏನಂದೆ ಅದು?”

“ಬಿಡಬೇಡ, ಅಂತ.”

“ಒಳ್ಳೆ ಮಾತು. ಇನ್ನೊಂದು ಸಲ ಹೇಳು.”

ಚೀಲ ಅವಳ ಜೊತೆಗೇ ಮನೆಗೆ ವಾಪಸು ಬಂತು.

ಮುಂದಿನ ವಾರದಿಂದ ಸುಳ್ಳು ಬೇಕಾಯಿತು. ಲಾಸ್ ಆಲ್ಟೋಸ್‌ನ ಮೈಥಿಲಿಯ ಮನೆಯಲ್ಲಿ ಶನಿವಾರ ಬೆಳಗ್ಗೆ ಕನ್ನಡದ ಹೆಂಗಸರು ಸೇರಿ ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಅಲ್ಲಿಗೆ ಹೋಗುತ್ತೇನೆಂದು ಅವಳು ಮನೆಯಲ್ಲಿ ಹೇಳಿದಳು. ಮೈಥಿಲಿಗೆ, “ಸುಘೋಷಂದು ಮ್ಯಾಚ್ ಸೀಸನ್ನು ಕಣ್ರೀ, ಮೇ ತನಕ ಬರೋಕಾಗಲ್ಲ,” ಎಂದಳು. ಎರಡು ಸುಳ್ಳುಗಳ ನಡುವೆ ಅರ್ಧ ದಿನದಷ್ಟು ಜಾಗ ಬಿಡುವಾಯಿತು. ಸೀರೆ ಉಟ್ಟು ಹೊರಡಬೇಕಾಗಿತ್ತು, ಅದೊಂದೇ ತೊಂದರೆ. ಸಹಸ್ರನಾಮಕ್ಕೆ ಹೋಗುವವಳು ಸ್ವೆಟ್‌ಶರ್ಟಿನಲ್ಲಿ ಹೋಗುವಂತಿಲ್ಲ. ಹಾಗಾಗಿ ಮೈದಾನದ ಕೆಸರಿನಲ್ಲಿ ಅವಳು ಹತ್ತಿಯ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ, ಕೆಳಗೆ ಲುಪೆ ಕೊಟ್ಟ ರಬ್ಬರ್ ಬೂಟು ಹಾಕಿಕೊಂಡು ನಿಲ್ಲುತ್ತಿದ್ದಳು. ಅಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಟೋಂಗಾದ ಗಂಡಸರೇ ತಮ್ಮ ದ್ವೀಪದ ಸಂಪ್ರದಾಯದಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಬರುತ್ತಿದ್ದರು.

ಮ್ಯಾಚು ಮುಗಿದ ಮೇಲೆ ಬಂದ ಟೀಮಿಗೆ ಊಟ ಹಾಕದೆ ಕಳಿಸುವಂತಿಲ್ಲ ಎಂಬುದು ಅಲ್ಲಿನ ಇನ್ನೊಂದು ಪದ್ಧತಿ. ಒಂದು ಗಂಟೆ ಕಾಲ ಒಬ್ಬರನ್ನೊಬ್ಬರು ನೆಲಕ್ಕೆ ಒಗೆದ ಹುಡುಗರು ಒಂದೇ ಟೆಂಟಿನ ಕೆಳಗೆ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಲುಪೆ ಕೆಸುವಿನ ಎಲೆಯಲ್ಲಿ ಮಾಂಸ ಸುತ್ತಿ, ತೆಂಗಿನ ಹಾಲು ಹುಯ್ದು ಬೇಯಿಸಿ ತರುತ್ತಿದ್ದಳು. ವಸುಧಾಳಿಗೆಂದು ಈರುಳ್ಳಿ ಮಾತ್ರ ಹಾಕಿದ ಒಂದು ಪೊಟ್ಟಣ ಬೇರೆ ಇರುತ್ತಿತ್ತು. ಯಾರೂ ಅವಳನ್ನು ನಿನ್ನ ಮಗ ಇಲ್ಲವಲ್ಲ, ನೀನೇಕೆ ಬರುತ್ತೀ ಎಂದು ಕೇಳಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಫ್ರೀವೇ ಬಿಡುವ ಹೊತ್ತಿಗೆ ಗಂಟಲು ಮೆಲ್ಲಗೆ ಉರಿಯುತ್ತಿತ್ತು. ಆ ಉರಿ ಅವಳಿಗೆ ಇಷ್ಟವಾಗಿತ್ತು. ಭಾನುವಾರದವರೆಗೂ ಇರಲಿ ಎನ್ನಿಸುತ್ತಿತ್ತು.

ಟೀಮು ಗೆಲ್ಲುತ್ತಾ ಹೋಯಿತು. ಹೇವರ್ಡಿನವರ ಮೇಲೆ, ಸ್ಯಾಕ್ರಮೆಂಟೋದವರ ಮೇಲೆ. ಮಳೆ ನಿಂತು ಗುಡ್ಡಗಳ ಹಸಿರು ಒಣಗತೊಡಗಿತು, ಜೆರ್ಸಿಗಳಲ್ಲಿ ಕೆಸರಿನ ಬದಲು ಹುಲ್ಲಿನ ಕಲೆಗಳು ಬರತೊಡಗಿದವು. ಹುಡುಗರು ‘ಬಿಡಬೇಡ್ವೋ’ವನ್ನು ಕಲಿತುಬಿಟ್ಟಿದ್ದರು. ಎದುರಾಳಿಯನ್ನು ಹಿಡಿದಾಗ ಗೆರೆಯಾಚೆ ನಿಂತ ಬದಲಿ ಆಟಗಾರರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಅವರ ಬಾಯಲ್ಲಿ ಅದು ಟೋಂಗಾದ ಮಾತೇ ಏನೋ ಎಂಬಂತೆ ಕೇಳುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಮೈಥಿಲಿಯ ಫೋನು ಬಂತು.

“ಏನ್ರೀ ವಸುಧಾ, ಇವತ್ತು ಇಂಡಿಯನ್ ಸ್ಟೋರಲ್ಲಿ ನಿಮ್ಮೆಜಮಾನ್ರು ಸಿಕ್ಕಿದ್ರು. ನಾನೇ ಮಾತಾಡಿಸ್ದೆ. ‘ನಿಮ್ಮನೆಯವರು ಎರಡು ತಿಂಗಳಿಂದ ನಮ್ಮನೆ ಕಡೆ ತಲೇನೇ ಹಾಕಿಲ್ಲ, ಮಗನ ಮ್ಯಾಚು ಮ್ಯಾಚು ಅಂತ ನಮ್ಮನ್ನ ಮರ್ತೇಬಿಟ್ರು’ ಅಂತ ತಮಾಷೆ ಮಾಡ್ದೆ.”

ವಸುಧಾಳ ಕೈಯಲ್ಲಿದ್ದ ಸೌಟು ಬಾಣಲೆಯ ಅಂಚಿನಲ್ಲೇ ನಿಂತಿತು. “ಅವರೇನಂದ್ರು?”

“ಏನಂತಾರೆ, ಹೂಂ ಹೂಂ ಅಂದ್ರು. ಕಿವಿಯಲ್ಲಿ ಅದೇನೋ ಇತ್ತಪ್ಪ, ಆದ್ರೂ ಕೇಳಿಸ್ಕೊಂಡ್ರು. ‘ಹೌದಾ, ಎರಡು ತಿಂಗಳಾ’ ಅಂತ ಕೇಳಿದ್ರಲ್ಲ. ಇರ್ಲಿ, ಸೀಸನ್ ಮುಗಿದ್ಮೇಲಾದ್ರೂ ಬನ್ನಿ ಮಾರಾಯ್ತಿ.”

ಫೋನಿಟ್ಟ ಮೇಲೆ ವಸುಧಾ ಉತ್ತರ ಕಟ್ಟಿಕೊಳ್ಳಲು ಶುರುಮಾಡಿದಳು. ಹೌದು, ಸುಳ್ಳು ಹೇಳಿದೆ. ಹೋಗುತ್ತಿದ್ದದ್ದು ಮೈದಾನಕ್ಕೆ. ಯಾಕೆ ಎಂದು ಅವನು ಕೇಳುತ್ತಾನೆ. ಆಗ ಕೂಗುವುದಕ್ಕೆ ಎಂದರೆ ನಗುತ್ತಾನೆಯೇ? ಜಗಳವಾದರೂ ಆಗಲಿ ಎಂದುಕೊಂಡಳು. ಜಗಳದ ಮಧ್ಯದಲ್ಲಿ ಎಲ್ಲೋ ಒಂದು ಕಡೆ ರಬ್ಬರ್ ಬ್ಯಾಂಡಿನ ಮಾತು ಬರುತ್ತದೆ, ಅವನಿಗೆ ಅರ್ಥವಾದರೂ ಆಗಬಹುದು. ಅನ್ನಿಸಿದ್ದನ್ನು ಹೇಳುವ ಕ್ರಮವನ್ನು ಅವಳು ತರಕಾರಿ ಹೆಚ್ಚುತ್ತ ಮನಸ್ಸಿನಲ್ಲೇ ಎರಡು ಮೂರು ಸಲ ಬದಲಾಯಿಸಿದಳು.

ಸಂಜೆ ಅರವಿಂದ ಕೆಳಗೆ ಬಂದ. ಫ್ರಿಜ್ಜು ತೆಗೆದು ನಿಂತ. ಅವಳು ಒಲೆ ಸಣ್ಣಗೆ ಮಾಡಿ ಅವನ ಕಡೆ ತಿರುಗಿದಳು.

“ವೈಫೈ ಯಾಕೋ ನಿಧಾನ ಇದೆಯಲ್ಲ, ನಿನ್ನ ಫೋನಲ್ಲೂ ಹಾಗೇನಾ?” ಎಂದು ಕೇಳಿದ.

“ನೋಡಿಲ್ಲ ರೀ.”

“ಹೂಂ,” ಎಂದು ಮೇಲೆ ಹೋದ.

ನಾಳೆ ಕೇಳಬಹುದು ಎಂದುಕೊಂಡಳು. ಮರುದಿನವೂ ಕೇಳಲಿಲ್ಲ. ಶನಿವಾರ ಬೆಳಗ್ಗೆ ಸೀರೆ ಉಟ್ಟು, ಕಾರಿನ ಕೀ ಹಿಡಿದು, ಮೆಟ್ಟಿಲ ಬುಡದಲ್ಲಿ ಬೇಕೆಂದೇ ನಿಂತಳು. “ಮೈಥಿಲಿ ಮನೆಗೆ ಹೋಗ್ಬರ್ತೀನಿ,” ಎಂದಳು, ಅವನ ಮುಖವನ್ನೇ ನೋಡುತ್ತ. ಅವನು ಕಾಫಿ ಲೋಟ ಹಿಡಿದು ಮೇಲೆ ಹೋಗುತ್ತಿದ್ದವನು ಒಂದು ಕ್ಷಣ ನಿಂತ. ಅವನಿಗೆ ನೆನಪಿದೆಯೆಂದು ಅವಳಿಗೆ ಖಂಡಿತವಾಯಿತು. “ಸರಿ, ಹುಷಾರಾಗಿ ಡ್ರೈವ್ ಮಾಡು,” ಎಂದ.

ಅವತ್ತು ಮೈದಾನದಲ್ಲಿ ಅವಳು ಹೆಚ್ಚು ಕೂಗಲಿಲ್ಲ. ಅನುಮಾನಪಟ್ಟಿದ್ದರೆ, ರೇಗಿದ್ದರೆ, ಕಡೇಪಕ್ಷ ಗೇಲಿ ಮಾಡಿದ್ದರೆ! ಇಷ್ಟು ದಿನ ಮುಚ್ಚಿಟ್ಟುಕೊಂಡದ್ದನ್ನು ತೆರೆದು ಮೇಜಿನ ಮೇಲಿಟ್ಟರೂ ಅವನು ಲೋಟ ಹಿಡಿದು ಅದರ ಪಕ್ಕದಲ್ಲೇ ಹಾದುಹೋಗಿದ್ದ. ಲುಪೆ ಎರಡು ಸಲ ಅವಳ ಮುಖ ನೋಡಿ, ಹೂಬಟ್ಟೆಯ ಅರ್ಧವನ್ನು ಅವಳ ಮಂಡಿಯ ಮೇಲೆ ಎಳೆದಳು. ಟೀಮು ಗೆದ್ದು ಫೈನಲ್ಲಿಗೆ ಹೋಯಿತು.

ಫೈನಲ್ಲಿನ ವಾರ, ಸ್ಕೂಲಿನಿಂದ ಸುಘೋಷನನ್ನು ಕರೆತರುವಾಗ ಅವನು ಕಿವಿಯಿಂದ ಇಯರ್‌ಬಡ್ ತೆಗೆದ. ಅದು ಅಪರೂಪ.

“ಅಮ್ಮ, ಆರ್ ಯು ಸ್ಟಿಲ್ ಗೋಯಿಂಗ್ ಟು ದ ಗೇಮ್ಸ್?”

ಸಿಗ್ನಲ್ಲು ಕೆಂಪಾಗಿತ್ತು. ವಸುಧಾ ಮುಂದಿನ ಕಾರನ್ನೇ ನೋಡಿದಳು. “ಯಾರು ಹೇಳಿದ್ರು?”

“ಅನಿಕೇತ್ ಇವತ್ತು ಹಾಲ್‌ವೇನಲ್ಲಿ ‘ಬಿಡಬೇಡ್ವೋ’ ಅಂತ ಕಿರುಚಿದ. ಸ್ಕೂಲಲ್ಲಿ ಯಾರಿಗೂ ಕನ್ನಡ ಬರಲ್ಲ. ಸೋ ಐ ಆಸ್ಕ್ಡ್ ಹಿಮ್. ಹಿ ಸೆಡ್, ‘ಡ್ಯೂಡ್, ಯುವರ್ ಮಾಮ್ ಟಾಟ್ ಅಸ್.’”

ಅವಳಿಗೆ ನಗು ಬಂತು. “ಜೆರ್ಸಿ ಒಗೆಯೋಕೆ ಯಾರೂ ಇರ್ಲಿಲ್ಲ ಕಂದ.”

“ದಟ್ಸ್ ನಾಟ್ ಎ ರೀಸನ್.”

ಸಿಗ್ನಲ್ಲು ಹಸಿರಾಯಿತು. ಅವನು ಕಿಟಕಿಯ ಕಡೆ ಮುಖ ಮಾಡಿ, ಎಂದೂ ಇಲ್ಲದ ಹಾಗೆ ಕನ್ನಡದಲ್ಲಿ ಹೇಳಿದ, ತಡವರಿಸುತ್ತ.

“ನಾನು ಆಡೋವಾಗ ನೀನು ಒಂದ್ಸಲಾನೂ ಕೂಗ್ಲಿಲ್ಲ. ನೀನು ಕಾರ್ಸ್ ಕಡೆ ನೋಡ್ತಿದ್ದೆ. ನಾನು ನೋಡಿದೀನಿ.”

“ಹೆದರಿಕೆ ಆಗ್ತಿತ್ತು ಕಣೋ. ನಿನ್ನ ಮೇಲೆ ಅಷ್ಟು ಜನ ಬೀಳೋದನ್ನ ಹೇಗೆ ನೋಡ್ಲಿ?”

“ಐ ಸ್ಕೋರ್ಡ್ ವನ್ಸ್. ಯು ಮಿಸ್ಡ್ ಇಟ್.”

ಅದು ಅವಳಿಗೆ ಗೊತ್ತಿರಲಿಲ್ಲ. ಯಾವ ಮ್ಯಾಚು, ಯಾವ ಶನಿವಾರ? ಎಲ್ಲರೂ ಚಪ್ಪಾಳೆ ತಟ್ಟಿದ್ದ ಒಂದು ಗದ್ದಲ ನೆನಪಾಯಿತು. ಆಗ ತಿರುಗಿ ನೋಡಿದಾಗ ಅವನು ಎದ್ದು ನಿಂತಿದ್ದ, ಕೈಕಾಲು ಸರಿಯಾಗಿದ್ದವು, ಅಷ್ಟು ಸಾಕಾಗಿತ್ತು ಅವಳಿಗೆ.

“ಸೋ ಇಟ್ಸ್ ಮೋರ್ ಫನ್ ವಿದೌಟ್ ಮಿ,” ಎಂದ ಸುಘೋಷ್.

ಇಲ್ಲ ಕಂದ ಎನ್ನಬೇಕಿತ್ತು. ಬಾಯಿ ತೆರೆದಳು. ಅವನಿಲ್ಲದ ಮೈದಾನದಲ್ಲಿ ಮಾತ್ರ ತನ್ನ ಕಣ್ಣು ತೆರೆದಿದ್ದು ನಿಜವಾಗಿತ್ತು. ಆ ನಿಜವನ್ನು ಹದಿನೈದು ವರ್ಷದ ಹುಡುಗನಿಗೆ ನೋಯದಂತೆ ಹೇಳುವ ಮಾತು ಯಾವ ಭಾಷೆಯಲ್ಲೂ ಅವಳಿಗೆ ಸಿಗಲಿಲ್ಲ.

“ಡೋಂಟ್ ಗೋ ಟು ದ ಫೈನಲ್, ಓಕೆ? ನನ್ನ ಫ್ರೆಂಡ್ಸ್ ಎಲ್ಲ ಬರ್ತಾರೆ. ಇಟ್ಸ್ ವಿಯರ್ಡ್. ಪ್ಲೀಸ್.”

“ಆಯ್ತು. ಹೋಗಲ್ಲ.”

“ಪ್ರಾಮಿಸ್?”

“ಪ್ರಾಮಿಸ್ ಕಣೋ.”

ಅವನು ಇಯರ್‌ಬಡ್ ಮತ್ತೆ ಸಿಕ್ಕಿಸಿಕೊಂಡ. ಮನೆ ಹತ್ತಿರವಾದಾಗ ಡಿನ್ನರಿಗೆ ಏನು ಎಂದು ಕೇಳಿದ.

ಶುಕ್ರವಾರ ಸಂಜೆ ಅವಳು ಜೆರ್ಸಿಗಳನ್ನು ನಂಬರಿನ ಕ್ರಮದಲ್ಲಿ ಮಡಿಸಿ ಚೀಲಕ್ಕೆ ತುಂಬಿ, ಈಸ್ಟ್ ಪಾಲೋ ಆಲ್ಟೋದಲ್ಲಿದ್ದ ಲುಪೆಯ ಮನೆಗೆ ಒಯ್ದಳು. ಎಂಟರ ಭುಜದ ಹೊಲಿಗೆಯನ್ನು ಜೋಡಿ ದಾರದಲ್ಲಿ ಹೊಲಿದಿದ್ದಳು. ಅಂಗಳದಲ್ಲಿ ಲುಪೆ ನಾಳೆಯ ಅಡುಗೆಗೆ ಎಲೆ ತೊಳೆಯುತ್ತಿದ್ದಳು.

“ನಾಳೆ ನೀನೇ ತರಬಹುದಿತ್ತಲ್ಲ, ಸಿಸ್ಟರ್?”

“ನಾಳೆ ನಾನು ಬರೋದಿಲ್ಲ. ಮಗನಿಗೆ ಮಾತು ಕೊಟ್ಟಿದೀನಿ.”

ಲುಪೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಚೀಲ ತೆಗೆದುಕೊಂಡಳು. “ಹಾಗಿದ್ದರೆ ಬರಬೇಡ,” ಎಂದಳು. ಅವಳು ಒತ್ತಾಯ ಮಾಡಿದ್ದರೆ ಹಗುರವಾಗುತ್ತಿತ್ತೇನೋ ಎಂದು ಕಾರು ತಿರುಗಿಸುವಾಗ ವಸುಧಾಳಿಗೆ ಅನ್ನಿಸಿತು.

ಶನಿವಾರ ಬೆಳಗ್ಗೆ ಅವಳು ಸೀರೆ ಉಡಲಿಲ್ಲ. ಸುಘೋಷ್ ತಡವಾಗಿ ಎದ್ದು ಬಂದು, ಬಟ್ಟಲಿಗೆ ಸೀರಿಯಲ್ ಸುರಿದುಕೊಂಡು, ಅವಳು ಅಡುಗೆಮನೆಯಲ್ಲಿರುವುದನ್ನು ಕಂಡ.

“ಓ, ಯು ಆರ್ ಹೋಮ್. ಕ್ಯಾನ್ ಯು ಮೇಕ್ ದೋಸೆ?”

ಅವಳು ಅವನ ಮುಖದಲ್ಲಿ ಹುಡುಕಿದಳು. ನೆನಪಿಟ್ಟುಕೊಂಡು ಕೃತಜ್ಞತೆಯಿಂದ ಹೇಳಿದ ಹಾಗೆ ಇರಲಿಲ್ಲ, ಬೇಕೆಂದೇ ಮಾತು ತೇಲಿಸಿದ ಹಾಗೂ ಇರಲಿಲ್ಲ. ಅವನಿಗೆ ಇವತ್ತು ಫೈನಲ್ಲೆಂಬುದೇ ಮರೆತುಹೋಗಿತ್ತು. ದೋಸೆ ಹುಯ್ದು ಕೊಟ್ಟಳು. ತಿಂದು, ಗೆಳೆಯನ ಕಾರಿನಲ್ಲಿ ರೋಬೋಟಿಕ್ಸಿಗೆ ಹೊರಟುಹೋದ.

ಆಮೇಲೆ ಅರವಿಂದ ಬಂದ. ಅವಳನ್ನು ನೋಡಿ ನಿಂತ.

“ಇವತ್ತು ಹೋಗ್ಲಿಲ್ವಾ?”

“ಎಲ್ಲಿಗೆ?” ಎಂದಳು ವಸುಧಾ. ಬಾಗಿಲನ್ನು ತಾನೇ ತೆರೆದು ಹಿಡಿದಂತೆ, ಮೆಲ್ಲಗೆ.

ಅವನು ಕಾಫಿಗೆ ಸಕ್ಕರೆ ಕದಡಿದ. “ಅದೇ... ನಿನ್ನ ಶನಿವಾರದ್ದು.”

“ಇಲ್ಲ. ಇವತ್ತಿಲ್ಲ.”

“ಒಳ್ಳೇದಾಯ್ತು ಬಿಡು. ಹಾಗಾದ್ರೆ ಗ್ರೋಸರಿ ಮುಗಿಸ್ಕೊಂಡು ಬಂದ್ಬಿಡು, ನನಗೆ ಮಧ್ಯಾಹ್ನದವರೆಗೂ ಕಾಲ್ಸ್ ಇವೆ.”

ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ನು ಆರಿಸಿ ಅವಳು ಹಾಗೆಯೇ ಕೂತಳು. ಈಗ ಮೊದಲರ್ಧ ಮುಗಿದಿರಬೇಕು. ಹೆಂಗಸೊಬ್ಬಳು ಗಾಡಿಯಲ್ಲಿ ನೀರಿನ ಬಾಟಲಿಗಳನ್ನು ತುಂಬಿಕೊಂಡು ಹೋದಳು. ಈಗ ಎರಡನೆಯದು ಶುರುವಾಗಿರಬೇಕು. ಅಂಗಡಿಯ ಬಾಗಿಲು ತಾನಾಗಿ ತೆರೆದು ತಾನಾಗಿ ಮುಚ್ಚುತ್ತಿತ್ತು. ಅವಳು ಒಳಗೆ ಹೋಗಲಿಲ್ಲ. ಕೊನೆಗೆ ಫೋನು ಮಿಣುಕಿತು, ಲುಪೆಯ ದನಿಯ ಮೆಸೇಜು. ಹಿಂದೆ ಗಾಳಿ, ಯಾರೋ ಪಾತ್ರೆ ಎಳೆಯುವ ಸದ್ದು.

“ಸೋತೆವು, ಸಿಸ್ಟರ್. ಎರಡೇ ಪಾಯಿಂಟು. ಸಿಯೋನೆ ಅತ್ತ, ಈಗ ಮೂರನೆಯ ತಟ್ಟೆ ತಿನ್ನುತ್ತಿದ್ದಾನೆ. ಹುಡುಗರು ನಿನ್ನನ್ನು ಕೇಳಿದರು, ಮನೆಯಲ್ಲಿ ಕೆಲಸ ಎಂದೆ. ಇನ್ನೊಂದು ಮಾತು. ಜೂನ್‌ನಲ್ಲಿ ಸ್ಯಾನ್ ಬ್ರೂನೋದಲ್ಲಿ ಪುಟ್ಟ ಹುಡುಗಿಯರ ಟೀಮು ಮಾಡುತ್ತಿದ್ದೇವೆ, ಮಂಗಳವಾರ ಸಂಜೆ. ಒಂಬತ್ತು ಹತ್ತು ವರ್ಷದವರು. ಯಾರಿಗೂ ಇನ್ನೂ ಚೆಂಡು ಹಿಡಿಯಲೂ ಬರುವುದಿಲ್ಲ, ಬಿದ್ದರೆ ನಗುತ್ತಾ ಮಲಗಿಯೇ ಇರುತ್ತಾರೆ. ನಿನ್ನ ಕಡೆಯವರು ಯಾರೂ ಇಲ್ಲ ಅಲ್ಲಿ. ಬಂದರೆ ಬಾ.”

ವಸುಧಾ ಅದನ್ನು ಇನ್ನೊಮ್ಮೆ ಕೇಳಿದಳು. ಸೋತದ್ದಕ್ಕೆ ದುಃಖವಾಯಿತು, ತಾನಿದ್ದರೆ ಏನೂ ಬದಲಾಗುತ್ತಿರಲಿಲ್ಲವೆಂದು ತಿಳಿದೂ. ಅವಳು ಸುಘೋಷನ ಬಗ್ಗೆ ಯೋಚಿಸಿದಳು. ಅವನು ಹೇಳಿದ್ದು ನಿಜ. ಅವನು ಗೆರೆ ದಾಟಿದ್ದನ್ನು ತಾನು ನೋಡಲಿಲ್ಲ, ಇನ್ನು ನೋಡಲಾಗುವುದೂ ಇಲ್ಲ. ಆ ಕೊರತೆಯನ್ನು ಒಳಗೆ ಇಟ್ಟುಕೊಂಡೇ ಇರಬೇಕು. ಫೈನಲ್ಲಿಗೆ ಹೋಗುವುದಿಲ್ಲವೆಂದಿದ್ದಳು, ಹೋಗಲಿಲ್ಲ. ಅವನ ಗೆಳೆಯರ ಮೈದಾನಕ್ಕೆ ಇನ್ನು ಮುಂದೆಯೂ ಹೋಗುವುದಿಲ್ಲ. ಆದರೆ ಸ್ಯಾನ್ ಬ್ರೂನೋದ ಹುಡುಗಿಯರು ಯಾರ ಗೆಳೆಯರೂ ಅಲ್ಲ.

ಮಂಗಳವಾರ ಸಂಜೆ. ಆ ಹೊತ್ತಿಗೆ ಅರವಿಂದನಿಗೆ ಬೆಂಗಳೂರಿನವರ ಜೊತೆ ಕಾಲ್ ಇರುತ್ತದೆ. ಮಧ್ಯಾಹ್ನವೇ ಅಡುಗೆ ಮಾಡಿಟ್ಟರಾಯಿತು. ಯಾರ ಮನೆಯ ಹೆಸರನ್ನೂ ಹೇಳುವುದಿಲ್ಲ, ಸಹಸ್ರನಾಮ ಎನ್ನುವುದಿಲ್ಲ, ಸೀರೆ ಉಡುವುದಿಲ್ಲ. ಕೀ ತೆಗೆದುಕೊಂಡು ಹೊರಡುವುದು. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಕೇಳುವವರೆಗೆ ಹೇಳುವುದಿಲ್ಲ.

ಲುಪೆಗೂ ಅವಳು ಉತ್ತರ ಕಳಿಸಲಿಲ್ಲ. ಫೋನನ್ನು ಬ್ಯಾಗಿಗೆ ಹಾಕಿ, ಕಾರಿನಿಂದಿಳಿದು, ಅಂಗಡಿಯ ಮುಂದೆ ಒಂದರೊಳಗೊಂದು ಸಿಕ್ಕಿಕೊಂಡು ನಿಂತಿದ್ದ ಗಾಡಿಗಳಲ್ಲಿ ಒಂದನ್ನು ಎರಡೂ ಕೈಯಿಂದ ಎಳೆದು ಬಿಡಿಸಿಕೊಂಡಳು.